ಉಪ್ಪು ನೋಡುವ ಭಾವ

ನಮ್ಮ ಭಾವನಿಗೆ ಚಪ್ಪಲಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇದ್ದದ್ದು, ಕಾಗದದ ಪ್ರಕಾರ, ಪಾತ್ರೆ ತೊಳೆಯುವ ಕೆಲಸ. ತೊಳೆಯುತ್ತಲೂ ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ಇಪ್ಪತ್ತೆರಡು ವರ್ಷ ಅಲ್ಲಿ ಎಲ್ಲರೂ ಅವರನ್ನು ಕರೆದದ್ದು ‘ಉಪ್ಪಿನ ಭಾವ’ ಎಂದೇ. ನನಗೆ ಭಾವ ಅಂದಮೇಲೆ ಇಡೀ ಕಾರ್ಖಾನೆಗೂ ಭಾವ, ಮ್ಯಾನೇಜರಿಗೂ ಭಾವ. ಯಾರು ಹಾಗೆ ಕರೆದರೂ ‘ಓ’ ಅನ್ನುವ ಮನುಷ್ಯ.

ಅಲ್ಲಿ ಅಡುಗೆಯ ಯಜಮಾನಿಕೆ ನನ್ನ ಅಕ್ಕನದು. ತರಕಾರಿ ಹೆಚ್ಚುವವಳು ನಾನು, ಇದ್ದದ್ದೂ ಅಕ್ಕ-ಭಾವನ ಮನೆಯಲ್ಲೇ. ಅಕ್ಕನಿಗೆ ಕೆಲಸ ಕಲಿಸಿದ ಹಳೆಯ ಅಡುಗೆಯವಳು ಒಂದು ಮಾತನ್ನು ಅವಳ ತಲೆಗೆ ತುಂಬಿ ಹೋಗಿದ್ದಳು: ಒಲೆ ಮುಂದೆ ನಿಂತವರ ನಾಲಿಗೆ ಸುಳ್ಳು ಹೇಳುತ್ತೆ, ಬೇರೆಯವರ ನಾಲಿಗೆಗೆ ಕೊಡು. ಹಾಗಾಗಿ ಅಕ್ಕ ಆರುನೂರು ಜನಕ್ಕೆ ಬೇಯಿಸುತ್ತಿದ್ದಳೇ ಹೊರತು ಒಂದು ಹನಿಯನ್ನೂ ಬಾಯಿಗಿಡುತ್ತಿರಲಿಲ್ಲ. ಸೌಟು ಎತ್ತಿ, ತಿರುಗಿಯೂ ನೋಡದೆ, ಎಡಗಡೆಗೆ ಹಿಡಿಯುವಳು. ಭಾವ ಅಲ್ಲಿರುತ್ತಿದ್ದರು. ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು, ಅಂಗೈಗೆ ಹಾಕಿಸಿಕೊಂಡು, ಕಣ್ಣು ಮುಚ್ಚಿ ನುಂಗಿ, “ಅರ್ಧ ಹಿಡಿ ಬೇಕು” ಎನ್ನುವರು. ಅಕ್ಕ ಹಾಕುವಳು. ಮತ್ತೆ ಸೌಟು, ಮತ್ತೆ ಅಂಗೈ. ಅವರು ತಲೆಯಾಡಿಸಿದ ಮೇಲೇ ಹಂಡೆ ಇಳಿಯುತ್ತಿದ್ದದ್ದು.

ಒಂದು ದಿನ ಬೆಳಗ್ಗೆ ಭಾವನ ಕಾಲಿಗೆ ಚಪ್ಪಲಿ ಹಿಡಿಸಲಿಲ್ಲ. ಚಪ್ಪಲಿ ಕಾರ್ಖಾನೆಯವನಿಗೇ ಚಪ್ಪಲಿ ಗತಿಯಿಲ್ಲ ನೋಡಿ ಎಂದು ನಾನು ನಕ್ಕೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ! ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ಮೂರು ಸಲ ನಿಂತರು. ಪಾದ ಒತ್ತಿ ನೋಡಿದರೆ ಬೆರಳಿನ ಗುಳಿ ಹಾಗೇ ಉಳಿಯಿತು.

ಡಾಕ್ಟರು ಸುತ್ತು ಬಳಸಿ ಮಾತಾಡುವವರಲ್ಲ. “ಹೃದಯ ಸೋತಿದೆ. ಉಪ್ಪು ಬಿಡಬೇಕು. ಇಡೀ ದಿನಕ್ಕೆ ಅರ್ಧ ಚಮಚ, ಅದೂ ಚಹಾ ಚಮಚದಲ್ಲಿ. ನೀರು ಒಂದೂವರೆ ಲೀಟರು, ಅಷ್ಟೇ. ಬಿಟ್ಟರೆ ಇನ್ನೂ ಹತ್ತು ವರ್ಷ ಓಡಾಡ್ಕೊಂಡು ಇರ್ತಾರೆ. ಬಿಡದಿದ್ರೆ ನನ್ನ ಮಾತ್ರೆಗಳಿಂದ ಏನೂ ಆಗಲ್ಲ.”

ಅಕ್ಕ ಮನೆಗೆ ಬಂದವಳೇ ಸೆರಗು ಬಿಗಿದಳು. ಉಪ್ಪಿನಕಾಯಿ ಜಾಡಿ ಪಕ್ಕದ ಮನೆಗೆ ಹೋಯಿತು. ಹಪ್ಪಳ, ಚಿಪ್ಸು, ಬಿಸ್ಕತ್ತು ಎಲ್ಲ ಕಸದ ಡಬ್ಬಿಗೆ. ಬಿಸ್ಕತ್ತಿನಲ್ಲಿ ಉಪ್ಪಿರುತ್ತೆ ಎಂದು ನನಗೆ ಆವತ್ತೇ ಗೊತ್ತಾದದ್ದು. ಕ್ಯಾಂಟೀನಿನ ಸ್ಟೋರಿನವನಿಂದ ಚಿಕ್ಕ ತಕ್ಕಡಿ ತಂದಳು. ಬೆಳಗ್ಗೆ ಎದ್ದು ಭಾವನ ಪಾಲಿನ ಉಪ್ಪನ್ನು ತೂಗಿ ಒಂದು ಬಟ್ಟಲಿಗೆ ಹಾಕಿಡುವಳು. ಇಡೀ ದಿನಕ್ಕೆ ಅದೇ. ನಿಂಬೆಹಣ್ಣು, ಬೆಳ್ಳುಳ್ಳಿ, ಮೆಣಸು ಹಾಕಿ ಬಾಯಿಗೆ ಮೋಸ ಮಾಡುವುದನ್ನು ಕಲಿತಳು. ಅವರಿಗೊಂದು ನಮಗೊಂದು ಬೇಡ ಎಂದು ನಮಗೂ ಅದನ್ನೇ ಬಡಿಸಿದಳು.

ಅಯ್ಯೋ, ಮೊದಲ ವಾರ! ಒದ್ದೆ ಕಾಗದ ಅಗಿದ ಹಾಗೆ. ನಾನು ಚೀಟಿಯಲ್ಲಿ ಉಪ್ಪು ಕಟ್ಟಿ ಕೈಚೀಲದಲ್ಲಿಟ್ಟುಕೊಂಡು, ಅಕ್ಕ ಆಚೆ ತಿರುಗಿದಾಗ ಉದುರಿಸಿಕೊಳ್ಳುತ್ತಿದ್ದೆ. ಭಾವ ನೋಡಿಬಿಟ್ಟರು.

“ಹೆದರಬೇಡ ಕಣೇ, ನಂಗೂ ಕೊಡು ಅನ್ನಲ್ಲ,” ಎಂದು ಪಿಸುಗುಟ್ಟಿದರು. “ನಿಮ್ಮಕ್ಕ ಕಣ್ಣಿಗೆ ಎಣ್ಣೆ ಬಿಟ್ಕೊಂಡು ನನ್ನ ಕಾಯ್ತಿದಾಳೆ. ನಾನು ಕದ್ದು ತಿಂದರೆ ಅನ್ನ ಮೈಗೆ ಹತ್ತುತ್ತಾ?”

ಕೇಳಲೂ ಇಲ್ಲ, ತಿನ್ನಲೂ ಇಲ್ಲ. ಕ್ಯಾಂಟೀನಿಗೂ ಡಬ್ಬಿಯಲ್ಲಿ ಮನೆಯ ಊಟವನ್ನೇ ಒಯ್ಯುತ್ತಿದ್ದರು. ಆರುನೂರು ಜನ ರುಚಿರುಚಿಯಾಗಿ ಉಣ್ಣುವ ಕಡೆ ಒಂದು ಮೂಲೆಯಲ್ಲಿ ಕೂತು ಸಪ್ಪೆ ಅನ್ನ ಉಣ್ಣುತ್ತಿದ್ದರು. ಬಾಯಾರಿಕೆ ಮಾತ್ರ ತಡೆಯಲಾಗುತ್ತಿರಲಿಲ್ಲ. ಅಳತೆಯ ಬಾಟಲಿ ಮಧ್ಯಾಹ್ನಕ್ಕೇ ಖಾಲಿಯಾಗುತ್ತಿತ್ತು. ಸ್ಟೋರಿನವನು ಹಲ್ಲು ಕಿರಿದು, “ಉಪ್ಪು ತಿಂದವನು ನೀರು ಕುಡೀಲೇಬೇಕಲ್ಲ ಭಾವ!” ಎಂದ. ಅವನನ್ನು ನಾನು ಅಲ್ಲೇ ಚೆನ್ನಾಗಿ ಝಾಡಿಸಿದೆ.

ಎರಡು ತಿಂಗಳಾಯಿತು. ಊತ ಇಳಿಯಲಿಲ್ಲ. ಪಾದದಲ್ಲಿದ್ದದ್ದು ಮೊಣಕಾಲಿಗೆ ಏರಿತು. ಭಾವ ಮೂರು ದಿಂಬು ಒರಗಿಕೊಂಡು ಕೂತೇ ಮಲಗುವಂತಾಯಿತು. ಡಾಕ್ಟರು ಔಷಧಿ ಚೀಟಿ ನೋಡಿ, ಕಾಲು ನೋಡಿ, ಅಕ್ಕನ ಮುಖ ನೋಡಿ, “ಎಲ್ಲೋ ಉಪ್ಪು ಹೋಗ್ತಾ ಇದೆ ತಾಯಿ,” ಎಂದರು.

ಅಲ್ಲಿಂದ ಮನೆಯಲ್ಲಿ ಪೊಲೀಸ್ ತನಿಖೆ. ನನ್ನ ಕೈಚೀಲದ ಉಪ್ಪಿನ ಚೀಟಿ ಸಿಕ್ಕಿತು.

“ನೀನೇ ಕೊಡ್ತಿದೀಯ! ತಂಗಿ ಅಂತ ಮನೇಲಿಟ್ಕೊಂಡ್ರೆ ಗಂಡನ್ನೇ ಕೊಲ್ತಿದೀಯಲ್ಲೇ!”

ನಾನು ಬಿಡುತ್ತೇನೆಯೇ? ಬಾಯಿಗೆ ಬಂದದ್ದೆಲ್ಲ ಅಂದೆ. ಭಾವ ನಡುವೆ ಬಂದು, “ಅವಳು ಕೊಟ್ಟಿಲ್ಲ, ನಾನು ತಿಂದಿಲ್ಲ. ನಿನ್ನಾಣೆ,” ಎಂದರು.

“ಹಾಗಾದ್ರೆ ಎಲ್ಲಿಂದ ಹೋಯ್ತು? ಗಾಳೀಲಿ ಬಂತಾ? ಗೇಟಿನ ಹೊರಗೆ ಕರಿದ ತಿಂಡಿ ಅಂಗಡಿ ಇದೆಯಲ್ಲ, ಅಲ್ಲಿಗೆ ಹೋಗ್ತೀರ. ನಾನು ಇಲ್ಲಿ ಕಾಳು ಕಾಳು ತೂಗ್ತಿರ್ತೀನಿ, ನೀವು ನನ್ನ ಹಣೆ ಕುಂಕುಮ ಅಳಿಸ್ತಿದೀರ. ಸುಳ್ಳುಬುರುಕ!”

ಅಕ್ಕ ಅವರ ಜೊತೆ ಮಾತು ಬಿಟ್ಟಳು. ಎಂಟು ದಿನ. ಬಡಿಸುವಳು, ಮಾತ್ರೆ ಕೊಡುವಳು, ತುಟಿ ಬಿಚ್ಚಳು. ಭಾವ ರಾತ್ರಿಯೂಟ ಅರ್ಧಕ್ಕೆ ಇಳಿಸಿದರು. ಹಾಗಾದರೂ ಊತ ಇಳಿದು ತನ್ನ ಮೇಲೆ ಬಂದ ಮಾತು ಹೋಗಲಿ ಅಂತಲೋ ಏನೋ. ಕ್ಯಾಂಟೀನಿನಲ್ಲೂ ಇಬ್ಬರ ನಡುವೆ ಮಾತಿಲ್ಲ. ಹಂಡೆ ಕುದಿಯುವಾಗ ಅಕ್ಕ ಮುಖ ತಿರುಗಿಸಿಕೊಂಡೇ ಸೌಟು ಎಡಗಡೆಗೆ ಚಾಚುವಳು. ಭಾವ ಅಂಗೈ ಒಡ್ಡುವರು, ನುಂಗುವರು, ಬೆರಳು ತೋರಿಸುವರು. ಒಂದು ಬೆರಳೆಂದರೆ ಒಂದು ಹಿಡಿ. ನಾನು ಎದುರಿಗೇ ಕೂತು ಈರುಳ್ಳಿ ಹೆಚ್ಚುತ್ತಿದ್ದೆ. ದಿನವೂ ನೋಡಿದೆ. ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ, ಹಾಗೆ.

ಒಂಬತ್ತನೆಯ ದಿನ ಮಧ್ಯಾಹ್ನ, ಎರಡನೇ ಪಾಳಿಯ ಬೇಳೆ ಹಂಡೆಯ ಮುಂದೆ ಭಾವ ಕುಸಿದರು. ಉಸಿರು ಎಳೆಯುತ್ತಿದ್ದರು, ಒಳಗೆ ಹೋಗುತ್ತಿರಲಿಲ್ಲ. ಕಾರ್ಖಾನೆಯ ವ್ಯಾನಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು.

ಮಾರನೆಯ ದಿನ ಪಥ್ಯದ ನರ್ಸಮ್ಮ ಕಾಗದ ಹಿಡಿದು ಬಂದಳು. ಚಿಕ್ಕ ಹುಡುಗಿ, ದನಿ ಮೆತ್ತಗೆ. ಬೆಳಗ್ಗಿನಿಂದ ರಾತ್ರಿಯವರೆಗೆ ಏನೇನು ಬಾಯಿಗೆ ಹೋಗುತ್ತೆ ಹೇಳಿ ಅಂದಳು. ಅಕ್ಕ ಪಾಠ ಒಪ್ಪಿಸಿದಂತೆ ಹೇಳಿದಳು. ನರ್ಸಮ್ಮ ಬರೆದುಕೊಂಡಳು.

“ಕೆಲಸದ ಜಾಗದಲ್ಲಿ?”

“ಮನೆ ಡಬ್ಬಿ. ಬೇರೆ ಏನೂ ತಿನ್ನಲ್ಲ.”

“ಏನು ಕೆಲಸ ಅವರದು?”

“ಕ್ಯಾಂಟೀನಲ್ಲಿ. ನಾನು ಅಡುಗೆ ಮಾಡ್ತೀನಿ, ಅವರು ಉಪ್ಪು ನೋಡ್ತಾರೆ.”

ಪೆನ್ನು ನಿಂತಿತು. “ನೋಡ್ತಾರೆ ಅಂದ್ರೆ?”

ಅಕ್ಕ ಕೈಯಲ್ಲಿ ಇಲ್ಲದ ಸೌಟನ್ನು ಎತ್ತಿ ಎಡಗಡೆಗೆ ಹಿಡಿದು ತೋರಿಸಿದಳು. ಹಿಡಿದ ಕೈ ಹಾಗೇ ಉಳಿಯಿತು. ಅವಳ ಮುಖದಲ್ಲಿದ್ದ ರಕ್ತವೆಲ್ಲ ಎಲ್ಲಿಗೆ ಹೋಯಿತೋ ದೇವರೇ ಬಲ್ಲ.

ನರ್ಸಮ್ಮ ಎಷ್ಟು ಹಂಡೆ, ಹಂಡೆಗೆ ಎಷ್ಟು ಸಲ ಎಂದು ಕೇಳಿದಳು. ನಾನೇ ಹೇಳಿದೆ. ಎರಡು ಪಾಳಿಗೂ ಸೇರಿ ಹದಿನೈದು ಹಂಡೆ, ಹಂಡೆಗೆ ಎರಡೋ ಮೂರೋ ಸಲ. ಅವಳು ಕೂಡಿ ನೋಡಿ ಕಾಗದ ಮಡಚಿದಳು. ಮನೆಯ ತಕ್ಕಡಿಯಲ್ಲಿ ತೂಗಿದ್ದಕ್ಕಿಂತ ಹೆಚ್ಚು ಉಪ್ಪು ಆ ಸೌಟಿನಿಂದಲೇ ಹೋಗಿತ್ತು.

ಭಾವ ಆಮ್ಲಜನಕದ ಮುಖವಾಡವನ್ನು ಸ್ವಲ್ಪ ಸರಿಸಿದರು. ಅವರಿಗೂ ನಮ್ಮಷ್ಟೇ ಆಶ್ಚರ್ಯ.

“ಅದು ಊಟ ಅಲ್ಲವಲ್ಲಮ್ಮ,” ಎಂದರು. “ಅದು ಕೆಲಸ.”

ಅಕ್ಕ ಅವರ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. “ನಿಮ್ಮನ್ನ ಸುಳ್ಳುಬುರುಕ ಅಂದೆನಲ್ರೀ, ನನ್ನ ನಾಲಿಗೆ ಸೇದಿಹೋಗ,” ಎಂದು ಅತ್ತಳು. ಭಾವ ತಲೆಯಾಡಿಸಿದರು. ಸಮಾಧಾನ ಹೇಳಲು ಅವರಲ್ಲಿ ಉಸಿರಿರಲಿಲ್ಲ. ಐದನೆಯ ದಿನ ಬೆಳಗ್ಗೆ ಹೋಗಿಬಿಟ್ಟರು. ಇನ್ನೂ ಒಂದು ತಿಂಗಳು ಮೊದಲು ತಿಳಿದಿದ್ದರೆ ಎಂದು ಡಾಕ್ಟರು ಶುರು ಮಾಡಿ, ಅಕ್ಕನನ್ನು ನೋಡಿ ಮಾತು ನುಂಗಿದರು.

ಹದಿನೈದು ದಿನ ಕಳೆದು ಅಕ್ಕ ಕೆಲಸಕ್ಕೆ ಮರಳಿದಳು. ಹೊಟ್ಟೆ ಕೇಳಬೇಕಲ್ಲ. ಮೊದಲ ಹಂಡೆ ಕುದಿಯಿತು. ಸೌಟು ಅದರ ಪಾಡಿಗೆ ಎಡಗಡೆಗೆ ಹೋಯಿತು, ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ತಲೆ ತಗ್ಗಿಸಿದರು. ನಾನು ಚಾಕು ಇಟ್ಟು ಎದ್ದುಹೋಗಿ ಅಂಗೈ ಒಡ್ಡಿದೆ.

ಬಾಯಿಗೆ ಹಾಕಿಕೊಂಡೆ, ಗಂಟಲಲ್ಲಿ ಇಳಿಯಲಿಲ್ಲ. ಓಡಿಹೋಗಿ ಸಿಂಕಿಗೆ ಉಗಿದು, ಬಾಯಿ ಮುಕ್ಕಳಿಸಿ, “ಇನ್ನೊಂದು ಹಿಡಿ ಬೇಕು ಅಕ್ಕ,” ಎಂದೆ.

ಅಕ್ಕ ಉಪ್ಪಿನ ಡಬ್ಬಿಗೆ ಕೈ ಹಾಕಲಿಲ್ಲ. ಸಿಂಕನ್ನೇ ನೋಡುತ್ತಿದ್ದಳು.

“ನುಂಗದೆ ಉಗಿದರೂ ಗೊತ್ತಾಗುತ್ತೇನೇ?”

ಸುಳ್ಳು ಹೇಳಬಹುದಿತ್ತು. ನನ್ನ ಹಾಳು ಬಾಯಿ ಯಾವತ್ತು ಕಾಲ ಸಂದರ್ಭ ನೋಡಿದೆ?

“ಗೊತ್ತಾಗುತ್ತೆ ಅಕ್ಕ,” ಎಂದೆ.