ಗಿರಿಜತ್ತೆಯ ಕೊಲೆ ಕಾದಂಬರಿಗಳು

ಹಳೆಯ ಇಂಗ್ಲಿಷ್ ಪುಸ್ತಕ ಬಿಡಿಸಿದಾಗ ಬರುವ ವಾಸನೆ ನಿಮಗೂ ಗೊತ್ತಿರುತ್ತದೆ. ಒಣಗಿದ ಗೋಂದು, ಹಳದಿ ತಿರುಗಿದ ಕಾಗದ, ಒಂದಿಷ್ಟು ಮುಗ್ಗಲು. ನನಗೆ ಆ ವಾಸನೆಯ ಬೆನ್ನಿಗೇ ಕೊಬ್ಬರಿಯ ವಾಸನೆಯೂ ಬರುತ್ತದೆ. ಕಳೆದ ತಿಂಗಳು ತುಮಕೂರಿನಲ್ಲಿ ನಮ್ಮ ಓದುವ ಬಳಗದವರು ಸೇರಿದ್ದಾಗ ಅಂಥದ್ದೊಂದು ಪುಸ್ತಕ ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಬಂತು. ತಂದಿದ್ದವಳು ಒಬ್ಬ ಎಳೆಯ ಅಧ್ಯಾಪಕಿ. ‘ಮಹಾಯುದ್ಧ ಮುಗಿದ ಮೇಲಿನ ಇಂಗ್ಲೆಂಡಿನ ಹಳ್ಳಿ, ಹೂದೋಟ, ಚಹಾ, ಮಧ್ಯೆ ಒಂದು ಕೊಲೆ. ಮನಸ್ಸಿಗೆ ಬೆಚ್ಚಗಿರುತ್ತೆ ಕಣ್ರೀ, ತಲೆ ಕೆಡಿಸ್ಕೊಳ್ಳೋ ಹಾಗಿಲ್ಲ’ ಎಂದಳು. ಎಲ್ಲರೂ ನಕ್ಕರು. ನಾನು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದೆ. ಬೆಚ್ಚಗಂತೆ! ಆ ಹುಡುಗಿಯ ತಪ್ಪೇನೂ ಇಲ್ಲ, ಅವಳಿಗೆ ಗಿರಿಜತ್ತೆ ಗೊತ್ತಿರಲಿಲ್ಲ.

ಗಿರಿಜತ್ತೆ ನನ್ನ ಅಪ್ಪನ ತಂಗಿ. ತಿಪಟೂರಿನಲ್ಲಿ ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಮನೆಯ ಉದ್ದಕ್ಕೂ ಅಟ್ಟ, ಅಟ್ಟದ ತುಂಬ ಕಾಯಿ. ಸಿಪ್ಪೆ ಸುಲಿಯದ ಕಾಯಿ ಅಲ್ಲೇ ತಿಂಗಳುಗಟ್ಟಲೆ ಒಣಗಿ ಒಳಗೊಳಗೇ ಕೊಬ್ಬರಿಯಾಗುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಅದರ ಸಿಹಿ ಜಿಡ್ಡಿನ ವಾಸನೆ ಹಲಗೆಗಳ ಸಂದಿಯಿಂದ ಇಳಿದು ಗೋಡೆ, ಹಾಸಿಗೆ, ನಮ್ಮ ತಲೆಗೂದಲು ಎಲ್ಲವನ್ನೂ ಹಿಡಿಯುತ್ತಿತ್ತು. ಅಟ್ಟದ ಕೆಳಗಿನ ನಡುಕೋಣೆಯಲ್ಲಿ ಅಜ್ಜಿ ಮಲಗಿದ್ದಳು. ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಅಮ್ಮನಿಗೆ ನಾವು ಮಕ್ಕಳು, ಅಂಗಡಿಯ ಆಳುಗಳ ಅಡಿಗೆ, ಬಂದು ಹೋಗುವವರ ಕಾಫಿ. ಹಾಗಾಗಿ ಅಜ್ಜಿಯನ್ನು ಮಗ್ಗುಲು ಬದಲಿಸುವುದರಿಂದ ಹಿಡಿದು ಬಾಯಿಗೆ ಗಂಜಿ ಹಾಕುವವರೆಗೆ ಎಲ್ಲ ಗಿರಿಜತ್ತೆಯದೇ. ಅವಳು ಬಿ.ಎ. ಓದಿದ್ದಳು. ಅವಳ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ವರ್ಗವಾಗಿ ಹೋಗುವಾಗ ಒಂದು ಟ್ರಂಕಿನ ತುಂಬ ಕೊಲೆ ಕಾದಂಬರಿಗಳನ್ನು ಅವಳಿಗೆ ಕೊಟ್ಟು ಹೋಗಿದ್ದರು. ಅಜ್ಜಿಯ ಮಂಚದ ಕಾಲ ಬಳಿ ಕೂತು, ಒಂದು ಕೈಯಲ್ಲಿ ಬೀಸಣಿಗೆ ಆಡಿಸುತ್ತ ಅವಳು ಓದುತ್ತಿದ್ದಳು. ಓದಿದ್ದನ್ನು ಸಂಜೆ ನಮಗೆ ಕನ್ನಡದಲ್ಲಿ ಹೇಳುತ್ತಿದ್ದಳು.

ಆ ಕಥೆಗಳ ರುಚಿ ಏನು ಹೇಳಲಿ! ಯುದ್ಧ ಗೆದ್ದ ದೇಶ, ಆದರೆ ಸಕ್ಕರೆಗೂ ಬೆಣ್ಣೆಗೂ ರೇಷನ್ ಚೀಟಿ ಹಿಡಿದು ಸಾಲು ನಿಲ್ಲಬೇಕು. ಬಂಗಲೆ ದೊಡ್ಡದು, ಆಳುಗಳಿಲ್ಲ, ಸೂರು ಸೋರುತ್ತದೆ. ಯುದ್ಧದಲ್ಲಿ ಸತ್ತನೆಂದುಕೊಂಡವನು ಬಂದು ಬಾಗಿಲು ತಟ್ಟುತ್ತಾನೆ. ಪಕ್ಕದ ಮನೆಗೆ ಬಂದ ಹೊಸಬಳು ತಾನು ಯಾರೆಂದು ಹೇಳುತ್ತಾಳೋ ಅವಳೇ ಹೌದೋ ಅಲ್ಲವೋ ತಿಳಿಯದು. ಎಲ್ಲರೂ ಬಹಳ ಮರ್ಯಾದಸ್ಥರು. ಯಾರೂ ದನಿ ಎತ್ತಿ ಮಾತಾಡುವುದಿಲ್ಲ. ಅಂಥವರ ನಡುವೆ ಒಂದು ಹೆಣ ಬೀಳುತ್ತದೆ. ‘ಪಾದ್ರಿ ಅಂದ್ರೆ ನಮ್ಮ ಮಠದ ಅಯ್ನೋರು ಅಂತ ಅನ್ಕಳಿ’ ಎಂದು ಅತ್ತೆ ನಮಗೆ ದಾರಿ ತೋರಿಸುತ್ತಿದ್ದಳು. ಅಜ್ಜಿ ಕೂಡ ತೊದಲುತ್ತ, ‘ಅವ್ರಿಗೂ ಸಕ್ರೆ ಚೀಟಿ ಇತ್ತಾ? ಪಾಪ’ ಎನ್ನುತ್ತಿದ್ದಳು. ಕೊನೆಗೆ ಒಬ್ಬರು ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ನಡೆದದ್ದನ್ನು ಮೊದಲಿನಿಂದ ಹೇಳುತ್ತಾರೆ. ಯಾರೂ ಎದ್ದು ಹೋಗುವಂತಿಲ್ಲ. ಆ ಭಾಗ ಬಂದಾಗ ಅತ್ತೆಯ ಬೀಸಣಿಗೆ ನಿಲ್ಲುತ್ತಿತ್ತು.

ಆ ದಿನಗಳಲ್ಲಿ ಅವಳನ್ನು ನೋಡಲು ಗಂಡಿನ ಕಡೆಯವರು ಬರುತ್ತಿದ್ದರು. ಅವಳು ಬೆಳ್ಳಗೆ, ಎತ್ತರಕ್ಕೆ, ನಗುಮುಖದವಳು. ಬಂದವರಿಗೆಲ್ಲ ಒಪ್ಪಿಗೆಯಾಗುತ್ತಿತ್ತು. ಕೇಸರಿಬಾತು ತಿಂದು, ಅಜ್ಜಿಯ ಕಾಲು ಮುಟ್ಟಿ, ‘ಊರಿಗೆ ಹೋಗಿ ಹೇಳಿ ಕಳಿಸ್ತೀವಿ’ ಎಂದು ನಗುನಗುತ್ತ ಏಳುತ್ತಿದ್ದರು. ಅಪ್ಪ ಚಪ್ಪಲಿ ಮೆಟ್ಟಿ ಅವರನ್ನು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬರುತ್ತಿದ್ದ. ಆಮೇಲೆ ಅವರ ಸುದ್ದಿಯೇ ಇರುತ್ತಿರಲಿಲ್ಲ. ದಂಡಿನಶಿವರದ ಸ್ಕೂಲ್ ಮೇಷ್ಟ್ರೊಬ್ಬರು ಬಂದಾಗಲಂತೂ ಅತ್ತೆಯೂ ಅವರೂ ಹಜಾರದಲ್ಲೇ ಪುಸ್ತಕದ ಮಾತಾಡಿ ನಕ್ಕಿದ್ದರು. ಅಮ್ಮ ಆಗಲೇ ಸೀರೆಯ ಯೋಚನೆಯಲ್ಲಿದ್ದಳು. ಅವರೂ ತಿರುಗಿ ಬರಲಿಲ್ಲ. ‘ಋಣಾನುಬಂಧ ಇಲ್ಲ, ಬುಡು’ ಎಂದು ಅಪ್ಪ ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರನ್ನು ನೆನೆದರೆ ಇವತ್ತಿಗೂ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ.

ವರ್ಷಗಳು ಹೋದವು. ನೋಡಲು ಬರುವವರು ನಿಂತರು. ಒಮ್ಮೆ ತುರುವೇಕೆರೆಯಲ್ಲಿ ಅತ್ತೆಯ ಗೆಳತಿಯ ಮನೆಯ ಮದುವೆ. ಅಜ್ಜಿಯನ್ನು ಒಂದು ದಿನದ ಮಟ್ಟಿಗೆ ಅಮ್ಮನಿಗೆ ಒಪ್ಪಿಸಿ ಅತ್ತೆ ನನ್ನನ್ನು ಕರೆದುಕೊಂಡು ಹೋದಳು. ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕ ಕೂತಿದ್ದ ಹೆಂಗಸು ಆ ದಂಡಿನಶಿವರದ ಮೇಷ್ಟ್ರ ಅಕ್ಕ. ಅತ್ತೆಯ ಗುರುತು ಹಿಡಿದು ಕೈ ಮುಟ್ಟಿ ಕೇಳಿದಳು, ‘ಚೆನ್ನಾಗಿದ್ದೀಯಾ ಗಿರಿಜಾ? ಮೂರ್ಛೆ ಬರೋದು ಈಗ ಕಮ್ಮಿ ಆಯ್ತಾ?’

‘ಯಾರಿಗಕ್ಕ ಮೂರ್ಛೆ?’

‘ನಿಂಗೇ ಕಣವ್ವ. ನಿಮ್ಮಣ್ಣ ಬಸ್ ಸ್ಟ್ಯಾಂಡ್‌ತಾವ ಹೇಳುದ್ರಲ್ಲ, ನಿಮ್ಗೆ ಮೋಸ ಮಾಡಬಾರ್ದು, ಮೊದ್ಲೇ ಹೇಳ್ಬುಡ್ತೀನಿ ಅಂತ. ಎಂಥ ದೊಡ್ಡ ಮನುಷ್ಯ ಅಂತ ನಮ್ಮನೇಲೆಲ್ಲ ಮಾತಾಡ್ಕಂಡೋ.’

ಅತ್ತೆ ಎಲೆಯ ಮೇಲಿನ ಹೋಳಿಗೆಯನ್ನು ಮುರಿದಳು. ‘ಈಗ ವಾಸಿಯಾಗಿದೆ ಕಣಕ್ಕ’ ಎಂದಳು.

ಮನೆಗೆ ಬಂದವಳೇ ಸೆರಗು ಸಿಕ್ಕಿಸಿ ಅಜ್ಜಿಯ ಬಟ್ಟೆ ಬದಲಾಯಿಸಿದಳು. ಅವಳು ಕೂಗಾಡುತ್ತಾಳೆ, ಅಪ್ಪನ ಮುಂದೆ ಹೋಗಿ ನಿಲ್ಲುತ್ತಾಳೆ ಎಂದು ನಾನು ಹೆದರಿ ಕಾಯುತ್ತಿದ್ದೆ. ಅವಳು ಹಾಗೆ ಮಾಡಲಿಲ್ಲ. ನೋಡಲು ಬಂದಿದ್ದವರ ಪೈಕಿ ಸಿಕ್ಕವರನ್ನು, ಅವರಿಗೆ ಗೊತ್ತಾಗದ ಹಾಗೆ, ಒಬ್ಬೊಬ್ಬರನ್ನಾಗಿ ಕೇಳಿ ತಿಳಿದುಕೊಂಡಳು. ಬಂದು ಹೋದವರಿಗೆಲ್ಲ ಅದೇ ಬಸ್ ಸ್ಟ್ಯಾಂಡಿನಲ್ಲಿ ಅದೇ ಮಾತು ಹೇಳಲಾಗಿತ್ತು. ಆಮೇಲೂ ಅವಳು ಅಜ್ಜಿಗೆ ಗಂಜಿ ಹಾಕಿದಳು, ಬೆನ್ನಿನ ಹುಣ್ಣಿಗೆ ಪುಡಿ ಉದುರಿಸಿದಳು, ಕಥೆ ಹೇಳಿದಳು. ಅಜ್ಜಿ ಸತ್ತಾಗ ಅವಳ ಕೈ ಅತ್ತೆಯ ಕೈಯಲ್ಲೇ ಇತ್ತು.

ಅಜ್ಜಿಯ ಹೆಸರಿನ ಶಿವಗಣಾರಾಧನೆಯ ದಿನ ನೆಂಟರೆಲ್ಲ ಬಂದಿದ್ದರು. ಪೂಜೆ ಮುಗಿದು ಊಟಕ್ಕೆ ಏಳುವ ಮೊದಲು ಗಿರಿಜತ್ತೆ ಹಜಾರದ ನಡುವೆ ನಿಂತು, ‘ಒಂದ್ ನಿಮಿಷ ಎಲ್ರೂ ಕೂತ್ಕಳಿ’ ಎಂದಳು. ದನಿ ಎತ್ತಲಿಲ್ಲ, ಅಳಲಿಲ್ಲ. ಯಾವ ಊರಿನವರು ಬಂದಿದ್ದರು, ಏನು ಮಾತಾಗಿತ್ತು, ಅವರನ್ನು ಬಿಡಲು ಯಾರು ಹೋಗಿದ್ದರು, ಅಲ್ಲಿ ಏನು ಹೇಳಿದರು ಎಂದು ಮೊದಲಿನಿಂದ ಹೇಳಿದಳು. ಆಮೇಲೆ ಅಪ್ಪನ ಕಡೆ ತಿರುಗಿ, ‘ನಂಗೆ ಯಾವತ್ತು ಮೂರ್ಛೆ ಬಂದಿತ್ತಣ್ಣ?’ ಎಂದಳು.

ಅಪ್ಪ ಅಲ್ಲಗಳೆಯಲಿಲ್ಲ. ‘ನೀನು ಹೋಗಿದ್ರೆ ಅವ್ವನ್ನ ಯಾರು ನೋಡ್ಕತಿದ್ರು?’ ಎಂದ. ತಪ್ಪು ಮಾಡಿದವನ ದನಿಯಲ್ಲ ಅದು, ಲೆಕ್ಕ ಸರಿಯಾಗಿ ಒಪ್ಪಿಸಿದವನ ದನಿ.

ಈಗ ಯಾರೋ ಏಳುತ್ತಾರೆ, ಅಪ್ಪನ ಕೊರಳುಪಟ್ಟಿ ಹಿಡಿಯುತ್ತಾರೆ, ಹೆಂಗಸರಲ್ಲಿ ಒಬ್ಬಳಾದರೂ ಅತ್ತೆಯ ಪಕ್ಕ ಬಂದು ನಿಲ್ಲುತ್ತಾಳೆ ಎಂದು ನಾನು ನಂಬಿದ್ದೆ. ಕಥೆಗಳಲ್ಲಿ ನಿಜ ಹೊರಬಿದ್ದ ಮೇಲೆ ಆ ಮನೆ ಮೊದಲಿನ ಹಾಗೆ ಇರುತ್ತಿರಲಿಲ್ಲ. ಅಜ್ಜಿಯ ಮೈದುನ, ಊರಿಗೆಲ್ಲ ನ್ಯಾಯ ಹೇಳುವ ಹಿರಿಯ, ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು, ‘ಆಗಿದ್ದು ಆಗೋಯ್ತು, ಬುಡವ್ವ. ಲೇ, ಎಲೆ ಹಾಕ್ರಲಾ’ ಎಂದ. ಎಲೆ ಹಾಕಿದರು. ಪಾಯಸ ಬಡಿಸಿದರು. ಕೊಂದವನು ಪಂಕ್ತಿಯಲ್ಲಿ ಓಡಾಡುತ್ತ ಎಲ್ಲರನ್ನೂ ಉಪಚರಿಸಿದ, ತಿಂದವರು ತುಪ್ಪ ಚೆನ್ನಾಗಿದೆ ಎಂದರು. ಒಂದು ಬದುಕನ್ನು ಕೊಂದದ್ದು ಕೊಲೆಯಲ್ಲವೆಂದು ಅವರಿಗೆ ಯಾರು ಹೇಳಿಕೊಟ್ಟಿದ್ದರು?

ಮಾರನೆಯ ದಿನ ಅಪ್ಪ ಟ್ರಂಕನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಪುಸ್ತಕಗಳನ್ನು ತೆಂಗಿನ ಮಟ್ಟೆಯ ಜೊತೆ ಹಂಡೆಯ ಒಲೆಗೆ ಹಾಕಿದ. ‘ಇವನ್ನ ಓದೇ ಅವ್ಳ ತಲೆ ಕೆಟ್ಟಿರೋದು’ ಎಂದ. ಅತ್ತೆ ತಡೆಯಲಿಲ್ಲ. ಸೀರೆಗಳನ್ನು ಒಂದು ಚೀಲಕ್ಕೆ ತುಂಬಿಕೊಂಡು, ನನ್ನ ತಲೆ ಸವರಿ, ಹೊರಟುಹೋದಳು. ಆಮೇಲೆ ಆ ಮನೆಗೆ ಕಾಲಿಡಲಿಲ್ಲ. ಈಗ ಆ ಮನೆಯೂ ಇಲ್ಲ. ಅಟ್ಟ, ಹಜಾರ, ನಡುಕೋಣೆ ಎಲ್ಲ ಕೆಡವಿ ಅಂಗಡಿ ಸಾಲು ಕಟ್ಟಿದ್ದಾರೆ. ಕೆಡವಿದ ದಿನ ನನಗೆ ಅಳು ಬರಲಿಲ್ಲ.

ತುರುವೇಕೆರೆಯಲ್ಲಿ ಅವಳು ಎರಡು ಕೋಣೆಯ ಬಾಡಿಗೆ ಮನೆ ಹಿಡಿದು ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದಳು. ಹಳೆಯ ಪುಸ್ತಕಗಳನ್ನು ಹುಡುಕಿ ಹುಡುಕಿ ಮತ್ತೆ ಕೂಡಿಸಿದಳು. ನಾನು ಕಾಲೇಜಿಗೆ ಬಂದ ಮೇಲೆ ರಜೆಗೆಲ್ಲ ಅಲ್ಲಿಗೇ ಹೋಗುತ್ತಿದ್ದೆ. ‘ಕೊಂದೋರು ಯಾರು ಅಂತ ಗೊತ್ತಿದ್ರೂ ಅದನ್ನೇ ಯಾಕತ್ತೆ ಮತ್ತೆ ಮತ್ತೆ ಓದ್ತೀಯಾ?’ ಎಂದು ಒಮ್ಮೆ ಕೇಳಿದೆ. ‘ಅದಕ್ಕಲ್ಲ ಕಣೇ’ ಎಂದಳು. ‘ಒಬ್ರು ಸತ್ರೆ ಆ ಊರಲ್ಲಿ ಯಾರಾದ್ರೂ ಬಂದು ಯಾಕೆ ಅಂತ ಕೇಳ್ತಾರೆ ನೋಡು. ಅದನ್ನ ಓದಕ್ಕೆ.’

ಹೋದ ವರ್ಷ ಅವಳು ತೀರಿಕೊಂಡಳು. ನಾನು ತುಮಕೂರಿನಿಂದ ಹೋಗುವ ಹೊತ್ತಿಗೆ ನನ್ನ ತಮ್ಮ ಲೋಕೇಶ ಬಾಗಿಲ ಮುಂದೆ ಫ್ಲೆಕ್ಸ್ ಕಟ್ಟಿಸಿದ್ದ. ಅತ್ತೆಯ ಫೋಟೊ, ಕೆಳಗೆ ದಪ್ಪ ಅಕ್ಷರದಲ್ಲಿ ‘ಕುಟುಂಬಕ್ಕಾಗಿ ಬಾಳನ್ನೇ ಮುಡಿಪಾಗಿಟ್ಟ ತ್ಯಾಗಮಯಿ’. ‘ಬಿಚ್ಚೋ ಅದನ್ನ’ ಎಂದೆ.

‘ಸತ್ತೋರ ಬಗ್ಗೆ ಒಳ್ಳೇದು ಬರೆಸಿದ್ರೆ ತಪ್ಪಾ ಅಕ್ಕ?’

‘ಅವ್ಳು ಮುಡಿಪಾಗಿ ಇಡಲಿಲ್ಲ ಕಣೋ. ಅಪ್ಪ ಕಿತ್ಕಂಡ. ಬರೆಸೋದಾದ್ರೆ ಅದನ್ನ ಬರೆಸು.’

ಸೇರಿದ್ದವರೆಲ್ಲ ತಿರುಗಿ ನೋಡಿದರು. ಲೋಕೇಶನ ಮಗಳು, ‘ಅಜ್ಜ ಏನ್ ಮಾಡಿದ್ರು?’ ಎಂದಳು. ಎಲ್ಲರ ಎದುರಿಗೇ, ಹೆಣದ ಪಕ್ಕದಲ್ಲೇ ನಿಂತು ನಾನು ಮೊದಲಿನಿಂದ ಹೇಳಿದೆ. ಲೋಕೇಶ ತಲೆ ತಗ್ಗಿಸಿ ಹೋಗಿ ಹಗ್ಗ ಬಿಚ್ಚಿದ. ನನ್ನ ಸಿಟ್ಟು ಅದರಿಂದ ಇಳಿಯಿತೆಂದು ನಾನು ಸುಳ್ಳು ಹೇಳುವುದಿಲ್ಲ.

ಮಣ್ಣು ಮುಗಿಸಿ ಎಲ್ಲರೂ ಹೋದ ಮೇಲೆ ನಾನು ಅವಳ ಮನೆಯ ಮೆಟ್ಟಿಲ ಮೇಲೆ ಕೂತಿದ್ದೆ. ಮನೆಯ ಒಡತಿ ಪುಟ್ಟಮ್ಮ ಒಂದು ಲೋಟ ಕಾಫಿ ತಂದು ಪಕ್ಕದಲ್ಲಿ ಕೂತರು. ಅವರು ಓದು ಬರಹ ಕಲಿತವರಲ್ಲ. ಸಂಜೆ ಅವರೆಕಾಯಿ ಬಿಡಿಸುತ್ತ ಅತ್ತೆಯ ಕಥೆ ಕೇಳುವುದು ಅವರಿಗೆ ಅಭ್ಯಾಸವಾಗಿತ್ತಂತೆ. ಸಂಕೋಚದಿಂದ ಕೇಳಿದರು, ‘ಆ ಪೋಸ್ಟಾಫೀಸಮ್ಮನ್ನ ಕೊಂದೋರು ಯಾರು ಅಂತ ನಿಮ್ಗೇನಾದ್ರೂ ಗೊತ್ತೇನವ್ವ? ಟೀಚರಮ್ಮ ನಾಳೆ ಹೇಳ್ತೀನಿ ಅಂದಿದ್ರು.’

ಅದು ಯಾವ ಕಥೆಯೋ, ಒಳಗಿನ ಅಷ್ಟೊಂದು ಪುಸ್ತಕಗಳಲ್ಲಿ ಯಾವುದೋ, ನನಗೆ ತಿಳಿದಿರಲಿಲ್ಲ. ‘ಗೊತ್ತಿಲ್ಲ ಕಣಮ್ಮ’ ಎಂದೆ.

‘ನಂಗೆ ಆ ಡಾಕ್ಟ್ರ ಮೇಲೇ ಅನುಮಾನ’ ಎಂದರು ಪುಟ್ಟಮ್ಮ, ಬೀದಿಯ ಕಡೆ ನೋಡುತ್ತ.

‘ಯಾಕೆ?’ ಎಂದು ಕೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಮೊದಲಿನಿಂದ ಹೇಳತೊಡಗಿದರು.