ಅಣ್ಣನ ಊರಿನ ಶಾಲೆ ನೋಡಿ ಬಂದದ್ದು

ಮಕ್ಕಳೇ, ನಿಮ್ಮ ತಾತ ತೀರಿಕೊಂಡ ಮರುವರ್ಷ, ಮಾಗಿ ಚಳಿ ಇನ್ನೂ ಇರುವಾಗ, ನಾನು ಒಬ್ಬಳೇ ಯಳಂದೂರಿನಿಂದ ಎತ್ತಿನ ಗಾಡಿ ಹತ್ತಿದೆ. ಯುಗಾದಿಯೊಳಗೆ ಮನೆ ಬಿಡಬೇಕೆಂದು ಮೈದುನ ಹೇಳಿದ್ದ. ಹನೂರಿನ ಆಚೆ ಎರಡು ಮೈಲಿಯಲ್ಲಿದ್ದ ಅಣ್ಣ ಬಾ ಎಂದು ಕರೆದಿದ್ದ. ಆದರೆ ಆರು ವರ್ಷದ ನಿಮ್ಮ ಅಮ್ಮ ಒಂದು ಕಡೆ ಕೂರುವ ಮಗುವಲ್ಲ. ಅಲ್ಲಿಯ ಶಾಲೆಯನ್ನು ಕಣ್ಣಾರೆ ನೋಡದೆ ಹೊರಡಲು ನನಗೆ ಧೈರ್ಯವಾಗಲಿಲ್ಲ.

ಕೊಳ್ಳೇಗಾಲಕ್ಕೆ ಹತ್ತು ಮೈಲಿ. ಅದು ಆಗ ಮದರಾಸು ಸರ್ಕಾರಕ್ಕೆ ಸೇರಿತ್ತು. ಅಲ್ಲಿ ಬುತ್ತಿಯ ರಾಗಿರೊಟ್ಟಿ ತಿಂದು, ಆರಾಣೆ ಕೊಟ್ಟು, ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೋಳಿಬುಟ್ಟಿ ಇಟ್ಟುಕೊಂಡಿದ್ದ ಮುದುಕಿ ಕೇಳಿದಳು:

"ಕಾಡ್ ಸೀಮೆಗೆ ಒಬ್ಳೇ ಒಂಟಿದ್ದೀಯಲ್ಲವ್ವ, ಯಾತಕ್ಕೆ?"

"ಇಸ್ಕೂಲ್ ನೋಡಕ್ಕೆ."

"ಈ ವಯಸ್ನಲ್ಲಿ ಸೇರ್ಕಂಡೀಯಾ?"

ಬಸ್ಸಿಗೆ ಬಸ್ಸೇ ನಕ್ಕಿತು. ಹನೂರು ಬರುವವರೆಗೂ ನಾನು ತಲೆ ಎತ್ತಲಿಲ್ಲ.

ಮರುದಿನ ಅಣ್ಣ ಶಾಲೆಗೆ ಕರೆದುಕೊಂಡು ಹೋದ. ಸುಣ್ಣ ಬಳಿದ ಗೋಡೆ, ಗುಡಿಸಿದ ಜಗಲಿ, ಮೆತ್ತಗೆ ಮಾತಾಡುವ ಮೇಷ್ಟ್ರು. ಮನಸ್ಸು ಅರ್ಧ ಒಪ್ಪಿತು. ಹೆಣ್ಣು ಕೊಡುವ ಮನೆ ನೋಡಲು ಹೋದಾಗ ಮೊದಲು ನೀರು ಕೇಳುವುದು ನಮ್ಮತ್ತೆಯ ಪದ್ಧತಿ. ಯಾರು ತರುತ್ತಾರೆ, ಎಲ್ಲಿಂದ ತರುತ್ತಾರೆ ಎಂಬುದರಲ್ಲೇ ಮನೆ ತಿಳಿಯುತ್ತದೆ ಎನ್ನುತ್ತಿದ್ದರು. ನಾನೂ ಹಾಗೇ ನೀರು ಕೇಳಿದೆ.

ಏಳು ವರ್ಷದ ಹುಡುಗಿಯೊಬ್ಬಳು ಹಗ್ಗ ಕಟ್ಟಿದ ಚೊಂಬು ಹಿಡಿದು ಹಿತ್ತಲಿಗೆ ಓಡಿದಳು. ಹಿಂದೆಯೇ ಹೋದವಳು ಅಲ್ಲೇ ನಿಂತುಬಿಟ್ಟೆ. ಬಾವಿಗೆ ಕಟ್ಟೆಯೇ ಇರಲಿಲ್ಲ. ಬಾಯಿಗೆ ಅಡ್ಡ ಒಂದು ದಿಮ್ಮಿ. ಹುಡುಗಿ ಅದರ ಮೇಲೆ ನಿಂತು ಬಗ್ಗಿ ಹಗ್ಗ ಬಿಡುತ್ತಿದ್ದಳು. ದಿಮ್ಮಿ ಅಲುಗಾಡಿತು. ಕೂಗಿದರೆ ಬೆಚ್ಚುತ್ತಾಳೆ. ಸುಮ್ಮನಿದ್ದರೆ? ಅವಳನ್ನು ಅಲ್ಲಿಗೆ ಕಳಿಸಿದವಳೇ ನಾನು. ಸೆರಗು ಕಚ್ಚಿ ನಿಂತೆ. ಚೊಂಬು ಮೇಲೆ ಬಂತು. ಅವಳ ಕಾಲು ನೆಲ ಮುಟ್ಟಿದೊಡನೆ ರಟ್ಟೆ ಹಿಡಿದು ಎಳೆದುಕೊಂಡೆ.

"ನೀರ್ ಬ್ಯಾಡ್ವಾ ಅವ್ವ?" ಎಂದಳು.

ಪರಗಂಡಸರ ಮುಖ ನೋಡಿ ಮಾತಾಡಿದವಳಲ್ಲ ನಾನು. ಆವತ್ತು ಮೇಷ್ಟ್ರನ್ನು ಕೇಳಿಯೇ ಬಿಟ್ಟೆ: "ನಿಮ್ ಮಗೀನ ಇಂಗೆ ಕಳಿಸ್ತಿದ್ರಾ ಮೇಷ್ಟ್ರೆ?"

"ಅವ್ಳು ನನ್ ಮಗ್ಳೇ ಕಣವ್ವ. ದಿನಾ ತತ್ತಾಳೆ. ಇದ್ವರ್ಗೂ ಏನೂ ಆಗಿಲ್ಲ" ಎಂದು ನಕ್ಕರು. ಆಮೇಲೆ ದಿಮ್ಮಿಯ ಕಡೆ ನೋಡಿದರು. ನಗು ನಿಂತುಹೋಯಿತು.

ಮನೆಗೆ ಬಂದ ಮೇಲೆ ಅಣ್ಣ ರೇಗಿದ. "ಇಸ್ಕೂಲ್ ನೋಡಕ್ ಬಂದ್ಯೋ, ಗಂಡ್ ನೋಡಕ್ ಬಂದ್ಯೋ? ಯುಗಾದಿಗೆ ಮಗೀನ ಕಟ್ಕಂಡು ಎಲ್ಗೆ ಓಯ್ತೀಯ?"

"ಗೊತ್ತಿಲ್ಲ. ಬಾವಿ ಸುತ್ತ ಅಡ್ಡ ಆಗೋಗಂಟ ಇಲ್ಗೆ ಬರಾಕಿಲ್ಲ" ಎಂದೆ.

ಮರುದಿನ ಬೆಳಿಗ್ಗೆ ಹನೂರಿಗೆ ನಡೆದು ಹೊರಟೆವು. ಅಣ್ಣ ಮುಂದೆ ಮುಂದೆ ಹೋಗುತ್ತಿದ್ದ. ಶಾಲೆಯ ಹಿತ್ತಲಲ್ಲಿ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಜಾಲಿ ಮುಳ್ಳು ಎಳೆದು ಬಾವಿಯ ಸುತ್ತ ಒಟ್ಟುತ್ತಿದ್ದರು. ಕೈಯೆಲ್ಲ ತರಚಿತ್ತು.

"ಕಟ್ಟೆಗೆ ಕಲ್ ತರಿಸ್ತೀನಿ ಕಣವ್ವ. ಅಲ್ಲೀಗಂಟ ಇದು" ಎಂದರು, ನನ್ನ ಕಡೆ ನೋಡದೆ.

ತಿರುವಿನಲ್ಲಿ ಇನ್ನೊಮ್ಮೆ ಹಿಂತಿರುಗಿ ನೋಡಿದೆ. ಮೇಷ್ಟ್ರು ತಾವೇ ನೀರು ಸೇದುತ್ತಿದ್ದರು. ಮಗಳು ಮುಳ್ಳಿನಿಂದ ಈಚೆ, ದೂರದಲ್ಲಿ ನಿಂತಿದ್ದಳು.

"ಅಣ್ಣ, ಯುಗಾದಿಗೆ ಗಾಡಿ ಕಳ್ಸು" ಎಂದೆ.