ಅಡುಗೆಮನೆಯಿಂದ ಕಂಡ ಸ್ಕಾಟ್ಲೆಂಡ್

ಸಿಂಚನಾ, ಪೃಥ್ವಿ, ನಿನ್ನೆ ನೀವಿಬ್ಬರೂ ಹೊಸ ಕ್ಯಾಲೆಂಡರನ್ನು ಗೋಡೆಗೆ ನೇತುಹಾಕುತ್ತಿದ್ದಿರಿ. ಅದರಲ್ಲಿದ್ದ ಗುಹೆಯ ಚಿತ್ರ ನೋಡಿ ಪೃಥ್ವಿ, "ಸ್ಟಾಫಾ ಅಂತೆ, ಎಲ್ಲಿದ್ಯೋ ಏನೋ" ಅಂದ. "ಸ್ಕಾಟ್ಲೆಂಡ್ ಹತ್ರ, ಸಮುದ್ರದ ಮಧ್ಯೆ. ಒಳಗೆಲ್ಲ ಕಂಬ ನಿಲ್ಸಿದ ಹಾಗೆ ಕಲ್ಲು" ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

"ಅಜ್ಜೀ, ನೀನು ಕೆಂಗೇರಿ ದಾಟೋದೇ ಅಪರೂಪ. ನಿಂಗೆ ಹೇಗೆ ಗೊತ್ತು?" ಎಂದಳು ಸಿಂಚನಾ. ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ಒಳಗೆ ಹೋದೆ. ಎದುರಿಗೆ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ನಿಮ್ಮ ತಾತ ಬಸವೇಶ್ವರನಗರದ ಇದೇ ಮನೆಯ ನಡುಮನೆಯಲ್ಲಿ ಸಂಜೆ ಬಿ.ಎ. ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಅದರಲ್ಲೊಂದು ಪಾಠ, ಎಳೆಯ ವಯಸ್ಸಿನ ಇಂಗ್ಲಿಷ್ ಕವಿಯೊಬ್ಬ ಗೆಳೆಯನ ಜೊತೆ ಕಾಲ್ನಡಿಗೆಯಲ್ಲಿ ಉತ್ತರಕ್ಕೆ ಹೋಗುತ್ತ ತಮ್ಮನಿಗೂ ತಂಗಿಗೂ ಬರೆದ ಕಾಗದಗಳು. ತಾತ ಅದನ್ನು ಮೊದಲು ಕನ್ನಡದಲ್ಲಿ ಕಥೆಯ ಹಾಗೆ ಹೇಳಿ, ಆಮೇಲೆ ಪುಸ್ತಕ ತೆಗೆಯುತ್ತಿದ್ದರು. ನಾನು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದೆ. ಏಳನೇ ಕ್ಲಾಸಿಗೆ ಊರಿನ ಶಾಲೆ ಬಿಟ್ಟವಳು ನಾನು. ಮಕ್ಕಳಿಗೆ ಕಾಫಿ ಕೊಡುವಾಗಲೂ ಪರದೆಯ ಸಂದಿನಿಂದ ಕೈ ಮಾತ್ರ ಚಾಚುತ್ತಿದ್ದೆ. ವಿಂಡರ್‌ಮಿಯರ್ ಸರೋವರವೆಂದರೆ ನನ್ನ ಮನಸ್ಸಿಗೆ ಮಲ್ಲತ್ತಹಳ್ಳಿ ಕೆರೆಯೇ ಬರುತ್ತಿತ್ತು. ಜಲಪಾತ ನೋಡಿರಲಿಲ್ಲ. ಪಕ್ಕದ ಮನೆಯ ಟ್ಯಾಂಕು ತುಂಬಿ ಸುರಿಯುವುದನ್ನೇ ದೊಡ್ಡದು ಮಾಡಿಕೊಂಡಿದ್ದೆ.

ಒಂದು ವರ್ಷ ತಾತನ ಗಂಟಲಿಗೆ ಆಪರೇಷನ್ ಆಯಿತು. ಒಂದು ತಿಂಗಳು ಮಾತಾಡಬಾರದು ಎಂದರು ಡಾಕ್ಟರು. ದನಿ ಮರಳುತ್ತದೆಯೇ ಎಂದು ಕೇಳಿದರೆ ನೋಡೋಣ ಎಂದರು, ಅಷ್ಟೆ. ಮಕ್ಕಳ ಪರೀಕ್ಷೆಗೆ ಹತ್ತು ದಿನವಿತ್ತು. ಲಗ್ಗೆರೆಯಿಂದ ಬರುತ್ತಿದ್ದ ಶೋಭಾ ಹಿಂದಿನ ವರ್ಷ ಅದೇ ಪೇಪರಿನಲ್ಲಿ ಫೇಲಾಗಿದ್ದಳು.

"ನೋಟ್ಸ್ ಓದಿದ್ರೆ ತಲೇಲಿ ನಿಲ್ತಿಲ್ಲ ಸಾರ್. ಈ ಸಲಾನೂ ಹೋದ್ರೆ, ಓದಿದ್ದು ಸಾಕು ಅಂತಾರೆ ಮನೇಲಿ" ಎಂದು ಅತ್ತೇಬಿಟ್ಟಳು.

ತಾತ ಸ್ಲೇಟಿನಲ್ಲಿ ಬರೆದು ಅವಳಿಗೆ ತೋರಿಸಿದರು. ಅವಳು ಗಟ್ಟಿಯಾಗಿ ಓದಿದಳು: "ನಮ್ಮ ಮನೆಯವರು ಹೇಳಿಕೊಡ್ತಾರೆ."

"ಅಯ್ಯೋ, ನಂಗೇನ್ ಬರತ್ತೆ? ಸುಮ್ನಿರಿ" ಎಂದೆ ಪರದೆಯ ಹಿಂದಿನಿಂದ. ಅವರು ಎದ್ದು ಬಂದು ಸ್ಲೇಟನ್ನು ನನ್ನ ಮುಖಕ್ಕೆ ಹಿಡಿದರು. "ಹನ್ನೆರಡು ವರ್ಷದಿಂದ ಕೇಳ್ತಾ ಇದೀಯಲ್ಲ." ಅದು ಅವರಿಗೆ ಗೊತ್ತಿತ್ತೆಂದು ನನಗೆ ತಿಳಿದದ್ದೇ ಆಗ.

ಮಕ್ಕಳ ಮುಖ ನೋಡುತ್ತ ಮಾತಾಡುವುದು ನನ್ನಿಂದಾಗದು. ರಂಗೋಲಿ ಬಟ್ಟಲು ತಂದು ನೆಲದ ಮೇಲೆ ಕೂತೆ. ತಲೆ ತಗ್ಗಿಸಿಕೊಂಡೇ ಒಂದೊಂದು ಊರಿಗೆ ಒಂದೊಂದು ಚುಕ್ಕಿ ಇಟ್ಟು, ಗೆರೆ ಎಳೆಯುತ್ತ ಹೇಳತೊಡಗಿದೆ. ಮೊದಲು ಸರೋವರ. "ದಡದಲ್ಲಿ ಹೆಂಗಸರು ಬಟ್ಟೆ ಒಗೀತಿದ್ರು" ಎಂದೆ.

"ಆಂಟಿ, ಅದು ಟೆಕ್ಸ್ಟಲ್ಲಿ ಇಲ್ಲ!" ಎಂದಳು ಶೋಭಾ. ಎಲ್ಲರೂ ನಕ್ಕರು. ತಾತ ಗಂಟಲು ಹಿಡಿದುಕೊಂಡು ಸದ್ದಿಲ್ಲದೆ ನಕ್ಕರು. ನಾನೂ ನಕ್ಕೆ. ಆಮೇಲೆ ಭಯ ಅಷ್ಟಾಗಿ ಕಾಡಲಿಲ್ಲ. ಜಲಪಾತ, ದೋಣಿ, ಸ್ಟಾಫಾದ ಗುಹೆ ಎಲ್ಲ ಹೇಳಿದೆ. ಬೆನ್ ನೆವಿಸ್ ಬೆಟ್ಟವನ್ನು ಅಷ್ಟು ಕಷ್ಟಪಟ್ಟು ಹತ್ತಿದರೆ ತುದಿಯಲ್ಲಿ ಮಂಜು ಕವಿದಿತ್ತು ಎಂದೂ ಹೇಳಿದೆ. ಅಲ್ಲಿಗೆ ನನ್ನ ಕೈ ನಿಂತಿತು.

"ಆಮೇಲೆ ಆಂಟಿ?"

ಆಮೇಲೆ ಆ ಕವಿಯ ಗಂಟಲು ಕೆಟ್ಟಿತ್ತು. ಮುಂದೆ ಹೋಗಬೇಡ ಎಂದರು ಡಾಕ್ಟರು. ಅರ್ಧಕ್ಕೇ ಹಡಗು ಹತ್ತಿ ಮನೆಗೆ ಮರಳಿದ. ಕತ್ತಿಗೆ ಬಟ್ಟೆ ಸುತ್ತಿಕೊಂಡು ಕೂತವರ ಎದುರಿಗೆ ಇದನ್ನು ಹೇಗೆ ಹೇಳಲಿ? "ಅಷ್ಟೇ, ಮನೆಗೆ ಬಂದ" ಎಂದೆ.

ಸ್ಲೇಟಿನ ಮೇಲೆ ಬಳಪ ಕೀರುವ ಸದ್ದಾಯಿತು. ತಲೆ ಎತ್ತಿದೆ. "ಬಿಡಬೇಡ. ಅದು ಪರೀಕ್ಷೆಗೆ ಬರುತ್ತೆ" ಎಂದು ಬರೆದಿದ್ದರು. ಕಣ್ಣು ನನ್ನ ಮೇಲೇ ಇತ್ತು. ಅವರನ್ನೇ ನೋಡಿಕೊಂಡು ಎಲ್ಲವನ್ನೂ ಹೇಳಿದೆ. ಕೊನೆಯ ಚುಕ್ಕಿಯನ್ನು ಅವರೇ ಬಗ್ಗಿ ಇಟ್ಟರು.

ಶೋಭಾ ಪಾಸಾದಳು. ತಾತನ ದನಿ ಪಿಸುಮಾತಿನಷ್ಟು ಮಾತ್ರ ಮರಳಿತು. ಹಾಗಾಗಿ ಅವರಿರುವವರೆಗೂ ಪ್ರತಿವರ್ಷ ಆ ಒಂದು ಪಾಠ ನನ್ನದೇ ಆಯಿತು. ಅವರು ಹೋದ ಮೇಲೆ ಯಾರಿಗೂ ಹೇಳಿರಲಿಲ್ಲ.

ಇಷ್ಟು ಬರೆದು, ನೀವಿಬ್ಬರೂ ಕಾಲೇಜಿಗೆ ಹೋಗಿದ್ದಾಗ ಗಟ್ಟಿಯಾಗಿ ಓದಿ ನೋಡಿದೆ. ದನಿ ನಡುಗಲಿಲ್ಲ. ಸಂಜೆ ಬಂದು ಕೂತರೆ ಬಾಯಲ್ಲೇ ಹೇಳುತ್ತೇನೆ. ಆದರೂ ಈ ಹಾಳೆಗಳನ್ನು ಜೋಪಾನ ಮಾಡಿ, ಮಕ್ಕಳೇ. ಮುಂದೆ ನೀವು ಯಾರಿಗಾದರೂ ಹೇಳುವಾಗ, ಗಂಟಲು ಕೆಟ್ಟ ಭಾಗವನ್ನು ಮಾತ್ರ ಬಿಡಬೇಡಿ.